ಸಿಂಗಾಪುರವೂ ನನ್ನ ಕೋಟಿನ ಎಡತೋಳೂ

ದೇಶದೇಶಗಳ ನಡುವೆ ಜಗಳ ಯಾಕೆ ಹುಟ್ಟುತ್ತದೆ ಎಂದು ತಿಳಿಯಲು ದಪ್ಪ ದಪ್ಪ ಗ್ರಂಥಗಳನ್ನು ಓದಬೇಕಾಗಿಲ್ಲ. ಒಂದು ಪತ್ರಿಕೆ, ಕೂಡಲು ಒಂದು ಕಟ್ಟೆ, ಓದಿ ಹೇಳಲು ಒಬ್ಬ ಮಾಸ್ತರ, ಇಷ್ಟಿದ್ದರೆ ಸಾಕು. ಜಗಳ ತನ್ನ ಕಾಲಮೇಲೆ ತಾನೇ ನಡೆದು ಬರುತ್ತದೆ. ಇದನ್ನು ಅನುಭವದ ಮೇಲೆ ಹೇಳುತ್ತಿದ್ದೇನೆ, ಯಾಕೆಂದರೆ ಆ ಮಾಸ್ತರ ನಾನೇ. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ವರ್ಷ ಯಾರು ಯಾರಿಗೋ ಏನೇನೋ ನಷ್ಟವಾಯಿತು. ಇಂಗ್ಲಿಷರಿಗೆ ಒಂದು ದೊಡ್ಡ ಬಂದರು ಹೋಯಿತು. ಇತ್ತ ಶಿಗ್ಗಾಂವಿಯಲ್ಲಿ ನನ್ನ ಹೊಸ ಕೋಟಿನ ಎಡತೋಳು ಹೋಯಿತು. ಮೊದಲನೆಯ ನಷ್ಟದ ಬಗ್ಗೆ ತಿಳಿದವರೆಲ್ಲ ಬರೆದಿದ್ದಾರೆ. ಎರಡನೆಯದರ ಬಗ್ಗೆ ಬರೆಯಲು ನನ್ನ ಹೊರತು ಯಾರೂ ಮುಂದೆ ಬರಲಿಲ್ಲ.

ಆಗ ನಾನು ಶಿಗ್ಗಾಂವಿಯ ಕನ್ನಡ ಶಾಲೆಯಲ್ಲಿ ಮಾಸ್ತರಕಿ ಮಾಡುತ್ತಿದ್ದೆ. ಪೇಟೆಯ ಓಣಿಯಲ್ಲಿ ಮಾಬುಸಾಬನ ಹೊಲಿಗೆ ಅಂಗಡಿ ಇತ್ತು. ನನಗೂ ಅವನಿಗೂ ಇಪ್ಪತ್ತು ವರ್ಷದ ಗೆಳೆತನ. ಅವನ ಹೆಂಡತಿ ಹಾಜರಾಬಿ, ನನ್ನ ಹೆಂಡತಿ ನೀಲವ್ವ ಇಬ್ಬರೂ ಒಂದೇ ಒಳಕಲ್ಲಿನಲ್ಲಿ ಖಾರ ಕುಟ್ಟಿದವರು. ಹುಲಗೂರಿನ ಉರುಸಿಗೆ ನಾವು ಅವರ ಗಾಡಿಯಲ್ಲಿ ಹೋಗುತ್ತಿದ್ದೆವು, ನಮ್ಮ ಮನೆಯ ಹೋಳಿಗೆಗೆ ಅವರು ಮೊದಲ ಪಂಕ್ತಿ. ಹುಬ್ಬಳ್ಳಿಯಿಂದ ಸರ್ವಿಸ್ ಮೋಟಾರಿನಲ್ಲಿ ಬರುವ ನಿನ್ನೆಯ ಪತ್ರಿಕೆ ಇಂದು ಸಂಜೆ ಅವನ ಅಂಗಡಿಯ ಕಟ್ಟೆಗೆ ಮುಟ್ಟುತ್ತಿತ್ತು. ಶಾಲೆ ಬಿಟ್ಟವನೇ ನಾನು ಅಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಆರೆಂಟು ಜನ ಕೇಳುತ್ತಿದ್ದರು. ಬರೀ ಓದಿದರೆ ಏನು ಬಂತು? ಅರ್ಥವನ್ನೂ ಹೇಳುತ್ತಿದ್ದೆ. ಯಾವ ರಾಜ್ಯದವರು ಯಾರಿಗೆ ಗುಟ್ಟಾಗಿ ಕಾಗದ ಕಳಿಸಿದರು, ಆ ಕಾಗದದಲ್ಲಿ ಏನಿತ್ತು, ಅದನ್ನು ಓದಿ ಅವರ ಮುಖ ಹೇಗಾಯಿತು ಎಂಬುದೆಲ್ಲ ನನಗೆ ಅಲ್ಲೇ ಇದ್ದವನ ಹಾಗೆ ಗೊತ್ತಿರುತ್ತಿತ್ತು.

ನನ್ನದೊಂದು ಸಿದ್ಧಾಂತವೂ ಇತ್ತು. ಪಶ್ಚಿಮದವರಿಗೆ ಒಪ್ಪಂದ ಮಾಡಿಕೊಳ್ಳಲು ಬರುವುದಿಲ್ಲ. ಅವರು ಮೇಜಿನ ಸುತ್ತ ಕೂತು, ಕಾಗದದ ಮೇಲೆ ಸಹಿ ಹಾಕಿ, ಮಸಿ ಆರುವ ಮೊದಲೇ ಹರಿದು ಒಗೆಯುತ್ತಾರೆ. ನಾವು ಪೂರ್ವದವರು ಹಾಗಲ್ಲ. ದಸರೆಯ ಸಂಜೆ ನಾಲ್ಕು ಬನ್ನಿಯ ಎಲೆ ಕೈಗಿಟ್ಟು 'ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು' ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ಅದಕ್ಕೂ ಹಿಂದಿನವರು ಕಲ್ಲಿನ ಮೇಲೆ ಕೊರೆದು ಮಾತು ಕೊಡುತ್ತಿದ್ದರು. ಇದಕ್ಕೆ ಆಧಾರವಾಗಿ ನಾನು ಆಡೂರಿನ ಶಾಸನದ ಹೆಸರು ಹೇಳುತ್ತಿದ್ದೆ. ಹಾನಗಲ್ಲಿನ ಶಾಲೆಯಲ್ಲಿದ್ದಾಗ ಒಮ್ಮೆ ಆಡೂರಿಗೆ ಹೋಗಿ ಆ ಕಲ್ಲಿನ ಮುಂದೆ ನಿಂತದ್ದು ನಿಜ. ಅಲ್ಲಿ ದನ ಕಾಯುತ್ತಿದ್ದ ಮುದುಕನೊಬ್ಬ 'ಓದಾಕ ಬರ್ತೈತೇನ್ರಿ?' ಎಂದು ಕೇಳಿದ. 'ಬರ್ತೈತಿ' ಎಂದೆ. 'ಏನ್ ಬರದಾರ್ರಿ?' ಎಂದ. 'ಕೊಟ್ಟ ಮಾತಿಗೆ ತಪ್ಪಬಾರದು ಅಂತ ಬರದಾರ' ಎಂದು ಹೇಳಿ ಬಂದೆ. ಅದರ ಒಂದು ಅಕ್ಷರವೂ ನನಗೆ ತಿಳಿದಿರಲಿಲ್ಲ ಎಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಸಿಂಗಾಪುರದ ಸುದ್ದಿ ಬಂದ ಸಂಜೆ ನಾನು ಅಂಗಡಿಯಲ್ಲಿ ನಿಂತು ಹೊಸ ಕೋಟನ್ನು ಮೈಮೇಲೆ ನೋಡಿಸಿಕೊಳ್ಳುತ್ತಿದ್ದೆ. ಬಲತೋಳು ಕೂಡಿಸಿಯಾಗಿತ್ತು, ಎಡತೋಳಿಗೆ ಬರೀ ಕಚ್ಚಾ ಹೊಲಿಗೆ. ಪತ್ರಿಕೆ ಬಂತು, ಹಾಗೇ ನಿಂತುಕೊಂಡು ಓದಿದೆ. ಇಂಗ್ಲಿಷರು ಸೋಲುತ್ತಾರೆ ಎಂಬುದು ನಮ್ಮಲ್ಲಿ ಬೈಗುಳದಲ್ಲಿ ಬರುವ ಮಾತಾಗಿತ್ತೇ ಹೊರತು ಪತ್ರಿಕೆಯಲ್ಲಿ ಬರುವ ಮಾತಾಗಿರಲಿಲ್ಲ. ಮೊದಲು ಮಾತಾಡಿದವನು ಮಾಬುಸಾಬ.

'ನೋಡ್ರಿ ಮಾಸ್ತರ, ಪೂರ್ವದವ್ರ ಕಾಲ ಬಂತು. ಬಿಳಿ ಮಂದಿ ಸೋಲೂದ ಇಲ್ಲ ಅಂತಿದ್ರು. ಸೋತ್ರಿಲ್ಲೋ? ನಮ್ಮಂಥ ಕುಳ್ಳ ಮಂದಿನ ಅವ್ರನ್ನ ಸೋಲಿಸಿದ್ರು.'

'ಸೋಲಿಸಿದ್ದು ಖರೆ. ಆದ್ರ ಇದ ಜಪಾನದವ್ರು ಚೀನಾದಾಗ ಏನ್ ಮಾಡ್ಯಾರ? ಚೀನಾದವ್ರು ಪೂರ್ವದವ್ರಲ್ಲೇನು?' ಎಂದೆ.

'ಅದು ಮನಿ ಜಗಳ್ರಿ. ಹೊರಗಿನಾಂವ ಮೊದ್ಲ ಹೊರಗ ಹೋಗ್ಲಿ. ಮನಿ ಜಗಳ ಆಮ್ಯಾಲೆ ನೋಡ್ಕೊಳ್ಳೋಣು.'

'ಯಜಮಾನ ಬದಲಾದ್ರ ಎತ್ತಿನ ನೊಗ ಹಗುರ ಆಗೂದಿಲ್ಲ ಮಾಬುಸಾಬ.'

'ಎತ್ತಿನ ಮಾತು ಎತ್ತಿಗೆ ಕೇಳ್ರಿ' ಎಂದ ಮಾಬುಸಾಬ, ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡೇ. 'ಇಷ್ಟು ದಿನ ಹೊಡದಾಂವ ಮುಗ್ಗರಿಸಿ ಬಿದ್ರ, ಎತ್ತಿಗೆ ಒಂದ್ ಗಳಿಗಿನಾರ ಖುಷಿ ಆಗತೈತೋ ಇಲ್ಲೋ?'

ಕಟ್ಟೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ಅಷ್ಟಕ್ಕೇ ಮಾಬುಸಾಬ ನನ್ನ ಮೈಮೇಲಿನ ಕೋಟಿನ ಎಡತೋಳು ಜಗ್ಗಿ ಕಿತ್ತು, ಕೋಟು ಕಳಚಿ ಗೂಟಕ್ಕೆ ನೇತುಹಾಕಿಬಿಟ್ಟ. ಮನೆಗೆ ಬಂದು ಹೆಂಡತಿಗೆ ನಾನು ಹೇಳಿದ್ದು ಇಷ್ಟೇ. ಕೇಳಿ ಅವಳು ಹೌಹಾರಿದಳು. ಆದರೆ ಓದುಗರ ಮುಂದೆ ಸುಳ್ಳು ಹೇಳಲಾರೆ. ನಡುವೆ ಒಂದು ಮಾತು ಬಿಟ್ಟಿದ್ದೇನೆ. ಜನ ನಕ್ಕಾಗ ನನ್ನ ತಲೆ ಗಿರ್ರೆಂದಿತು. ಇಪ್ಪತ್ತು ವರ್ಷ ಓದಿ ಹೇಳಿದವನು ನಾನು. ಒಂದು ಎತ್ತಿನ ಮಾತಿನಿಂದ ಗೆದ್ದವನು ಅವನು. 'ಸೂಜಿ ಕಣ್ಣಾಗ ದಾರ ಪೋಣಿಸಾಂವಗ ದುನಿಯಾದ ಸುದ್ದಿ ಯಾಕ ಬೇಕಲೇ?' ಎಂದುಬಿಟ್ಟೆ. ಆಡಿದ ಮಾತು ನನ್ನ ಕಿವಿಗೇ ಬಿದ್ದಾಗ ನನಗೇ ಗಾಬರಿಯಾಯಿತು. ನಗು ಅಲ್ಲಿಗೇ ನಿಂತಿತು. ಮಾಬುಸಾಬ ಬಾಯಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ಆಮೇಲೆ ಮೆಲ್ಲಗೆ, 'ಇಪ್ಪತ್ತು ವರ್ಷದಿಂದ ನಿಮ್ಮ ಅಳತಿ ತಗೋಳಾಕತ್ತೇನಿ ಮಾಸ್ತರ. ಖರೇ ಅಳತಿ ಇವತ್ತ ಸಿಕ್ತು' ಎಂದ. ತೋಳು ಕಿತ್ತದ್ದು ಇದರ ನಂತರ.

ಮರುದಿನದಿಂದ ಮಾತು ಬಂದ್. ಪತ್ರಿಕೆ ಓದಲು ನಾನು ಬೇರೆ ಕಟ್ಟೆ ಹುಡುಕಿದೆ. ಅಲ್ಲಿನವರಿಗೆ ಹತ್ತಿಯ ಧಾರಣೆ ಬಿಟ್ಟು ಬೇರೇನೂ ಬೇಡವಾಗಿತ್ತು. ಶಾಲೆಗೆ ಹೋಗುವಾಗ ಓಣಿಯ ಆಚೆ ಬದಿಯಿಂದ ನಡೆಯುತ್ತಿದ್ದೆ. ಆದರೂ ಕಣ್ಣು ಅಂಗಡಿಯ ಕಡೆಗೇ ಹೋಗುತ್ತಿತ್ತು. ಗೂಟದ ಮೇಲೆ ನನ್ನ ಕೋಟು ಒಂದೇ ತೋಳಿನಲ್ಲಿ ನೇತಾಡುತ್ತಿತ್ತು. ಬೇಸಿಗೆ ಹೋಯಿತು, ಮಳೆಗಾಲ ಬಂತು. ಆ ಮಳೆಗಾಲದಲ್ಲಿ ಇಂಗ್ಲಿಷರು ತೊಲಗಲಿ ಎಂದು ದೇಶದ ತುಂಬ ಎಂಥ ಗದ್ದಲವೆದ್ದಿತೆಂದು ಎಲ್ಲರೂ ಬಲ್ಲರು. ನಮ್ಮ ಸೀಮೆಯ ಎಳೆ ಹುಡುಗರೂ ಜೇಲಿಗೆ ಹೋದರು. ಅದನ್ನು ಹೇಳುವ ಯೋಗ್ಯತೆ ನನಗಿಲ್ಲ. ನಾನಾಗ ಒಂದು ತೋಳಿನ ಚಿಂತೆಯಲ್ಲಿದ್ದೆ.

ಒಂದು ದಿನ ಊಟಕ್ಕೆ ಕೂತಾಗ ತಾಟಿನಲ್ಲಿ ಶಾವಿಗೆಯ ಸಿಹಿ ಬಂತು. ನಮ್ಮ ಮನೆಯ ಕೈಯಲ್ಲ ಎಂದು ಬಾಯಿಗೆ ತಕ್ಷಣ ಗೊತ್ತಾಯಿತು. 'ಎಲ್ಲಿಂದ ಬಂತಿದು?' ಎಂದೆ.

'ಹಾಜರಕ್ಕ ಕೊಟ್ಟಾಳ' ಎಂದಳು ನೀಲವ್ವ, ಏನೂ ಆಗಿಲ್ಲವೆಂಬಂತೆ.

'ಅಂದ್ರ ನೀ ಅವ್ರ ಮನಿಗೆ ಹೊಕ್ಕಿಯೇನು?'

'ದಿನಾ ಹೊಕ್ಕೇನಿ. ಸಿಂಗಾಪುರ ಬಿದ್ದಿದ್ದು ನಿಮ್ಮಿಬ್ಬರಿಗೆ. ನಮಗೇನು ಬಿದ್ದಿಲ್ಲಲ್ಲ.'

ಶತ್ರುಪಕ್ಷದೊಡನೆ ಆರು ತಿಂಗಳಿಂದ ವ್ಯವಹಾರ ನಡೆದಿದೆ, ಮನೆಯ ಯಜಮಾನನಿಗೆ ಸುದ್ದಿಯೇ ಇಲ್ಲ! ಆದರೂ ಸಿಹಿಯನ್ನು ಬಿಡಲಿಲ್ಲ. ಅನ್ನದ ಮೇಲೆ ಸಿಟ್ಟು ತೋರಿಸಬಾರದೆಂದು ಹಿರಿಯರು ಹೇಳಿದ್ದಾರೆ.

ದಸರೆ ಹತ್ತಿರ ಬಂತು. ನನಗೆ ಒಳಗೊಳಗೇ ಸಮಾಧಾನವಾಯಿತು. ಬನ್ನಿಯ ದಿನ ಮುನಿಸು ಉಳಿಯುವುದಿಲ್ಲ ಎಂದು ನಾನೇ ನೂರು ಸಲ ಹೇಳಿದ್ದೆನಲ್ಲ. ಆದರೆ ಬನ್ನಿ ಕೊಡುವುದಕ್ಕೂ ಒಂದು ರೀತಿ ಇದೆ. ಸಣ್ಣವರು ದೊಡ್ಡವರಿದ್ದಲ್ಲಿಗೆ ಹೋಗಿ ಕೊಡಬೇಕು. ಹಾಗಾದರೆ ನಮ್ಮಿಬ್ಬರಲ್ಲಿ ದೊಡ್ಡವರು ಯಾರು? ಹುಟ್ಟಿದ ದಿನ ಇಬ್ಬರದೂ ಯಾರೂ ಬರೆದಿಟ್ಟಿರಲಿಲ್ಲ. ಇಪ್ಪತ್ತು ವರ್ಷ 'ನಾನ ಸಣ್ಣಾಂವ', 'ಇಲ್ಲ, ನಾನ ಸಣ್ಣಾಂವ' ಎಂದು ಪೈಪೋಟಿ ಮಾಡಿ ಇಬ್ಬರೂ ಮೊದಲು ಕೊಡಲು ಓಡುತ್ತಿದ್ದೆವು. ಈ ಸಲ ನೀಲವ್ವನ ಮೂಲಕ ಹೇಳಿ ಕಳಿಸಿದೆ: 'ಪ್ಲೇಗ್ ಬಂದು ಊರು ಬಿಟ್ಟಾಗ ನಮ್ಮವ್ವ ನನ್ನ ಬಗಲಾಗ ಎತ್ತಿಕೊಂಡು ಗುಡಿಸಲಿಗೆ ಹೋಗಿದ್ಲು. ನಾ ದೊಡ್ಡಾಂವ.' ಅಲ್ಲಿಂದ ಉತ್ತರ ಬಂತು: 'ನಾ ಆವಾಗ ನನ್ನ ಕಾಲಿಲೆ ನಡಕೋತ ಹೋಗೀನಿ. ತಲಿ ಮ್ಯಾಲೆ ಚರಿಗಿನೂ ಇತ್ತು.' ಯಾವ ಕುರ್ಚಿಯಲ್ಲಿ ಯಾರು ಕೂಡಬೇಕೆಂದು ರಾಜದೂತರು ಕಚ್ಚಾಡುವ ಸುದ್ದಿ ಓದಿ ಹಿಂದೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಅದು ನನಗೆ ಆ ದಿನ ನೆನಪಾಗಲೇ ಇಲ್ಲ.

ದಸರೆಯ ಮಧ್ಯಾಹ್ನದಿಂದಲೇ ಮಡಿ ಧೋತರ ಉಟ್ಟು ಜಗಲಿಯ ಮೇಲೆ ಕೂತೆ. ಊರವರೆಲ್ಲ ಬಂದರು. ಬನ್ನಿಯ ಸೊಪ್ಪು ನನ್ನ ಮಡಿಲಲ್ಲಿ ಬುಟ್ಟಿಯಷ್ಟು ಬಿತ್ತು. ಬರಬೇಕಾದವನು ಬರಲಿಲ್ಲ. ಹೊತ್ತು ಮುಳುಗುವಾಗ ಬಂದವಳು ನೀಲವ್ವ. ಅವರ ಮನೆಗೆ ಬನ್ನಿ ಕೊಟ್ಟು ಬರಲು ಹೋಗಿದ್ದಳು. ಕೈಯಲ್ಲಿ ಕೋಟು ಇತ್ತು. ಎರಡೂ ತೋಳು ಕೂಡಿಸಿ, ಗುಂಡಿಯೂ ಹಚ್ಚಿಯಾಗಿತ್ತು.

'ಮಾಬಣ್ಣ ಕಳಿಸ್ಯಾನ. ಕೋಟು ಹಾಕ್ಕೊಂಡು ನೋಡಾಕ ಹೇಳು, ಮರೀಬ್ಯಾಡ, ಹಾಕ್ಕೊಂಡ ನೋಡಾಕ ಹೇಳು ಅಂತ ಮೂರು ಸರ್ತಿ ಅಂದಾನ' ಎಂದಳು.

ಬನ್ನಿ ತಾರದೆ ಕೋಟು ಕಳಿಸಿದ್ದಾನೆ! ಅಂದರೆ ಲೆಕ್ಕ ಮುಗಿಯಿತು, ಇನ್ನು ನನಗೂ ನಿನಗೂ ಸಂಬಂಧವಿಲ್ಲ ಎಂದು ತಾನೇ ಅರ್ಥ? ಮೇಲೆ ಹಾಕಿಕೊಂಡು ನೋಡಬೇಕಂತೆ, ಅದೂ ಮೂರು ಸಲ. ಈ ಎಂಟು ತಿಂಗಳಲ್ಲಿ ನನ್ನ ಹೊಟ್ಟೆ ಮುಂದೆ ಬಂದದ್ದನ್ನು ಅಂಗಡಿಯಲ್ಲಿ ಕೂತೇ ಅಳೆದು ಅಣಕಿಸುತ್ತಿದ್ದಾನೆ. 'ಗೂಟಕ್ಕ ಹಾಕು. ನಾ ಅದನ್ನ ಮುಟ್ಟಾಂವಲ್ಲ' ಎಂದೆ. ನೀಲವ್ವ ಕೋಟನ್ನು ಗೂಟಕ್ಕೆ ಹಾಕಿ ಒಳಗೆ ಹೋದಳು.

ಆಮೇಲೆ ಒಂದೊಂದೇ ಸುದ್ದಿ ಬರತೊಡಗಿತು. ಯುದ್ಧದಿಂದಾಗಿ ಅರಿವೆ ಸಿಗುತ್ತಿಲ್ಲ, ಹೊಲಿಗೆಗೆ ಬರುವವರಿಲ್ಲ. ಮಾಬುಸಾಬ ಅಂಗಡಿ ಎತ್ತಿ ಸವಣೂರಿಗೆ ಅಳಿಯನ ಹತ್ತಿರ ಹೋಗುತ್ತಾನಂತೆ. ಸವಣೂರು ನಾಲ್ಕು ಹರದಾರಿ ದೂರ, ಆದರೆ ಅದು ನವಾಬರ ಸಂಸ್ಥಾನ. ನಮ್ಮದು ಇಂಗ್ಲಿಷರ ಮುಲುಕು. ಅಂದರೆ ಗೆಳೆಯ ಪರರಾಜ್ಯದವನಾಗುತ್ತಾನೆ. 'ಅರಿವಿ ಸಿಗೂದಿಲ್ಲ ಅನ್ನೂದು ಒಂದು ನೆವ. ಇಲ್ಲೆ ಮಾತಾಡ್ಸೋರು ಯಾರದಾರ ಅಂತ ಹಾಜರಕ್ಕ ಕಣ್ಣಾಗ ನೀರು ತಂದ್ಲು' ಎಂದಳು ನೀಲವ್ವ. ರೊಟ್ಟಿ ಮುರಿಯುತ್ತ, 'ಹೋಗೋರ್ನ ಯಾರು ಹಿಡೀತಾರ' ಎಂದೆ.

ಒಂದು ತಿಂಗಳ ನಂತರ ಶಾಲೆಯ ತಪಾಸಣೆಗೆ ಡೆಪ್ಯುಟಿ ಸಾಹೇಬರು ಬರುವ ದಿನ ಬಂತು. ನನ್ನ ಹಳೆಯ ಕೋಟಿನ ಮೊಳಕೈ ಎರಡೂ ಹರಿದು ಹೋಗಿದ್ದವು. ಹರಕು ಕೋಟಿನಲ್ಲಿ ಸಾಹೇಬರ ಮುಂದೆ ನಿಲ್ಲುವಂತಿಲ್ಲ. ಶತ್ರುವಿನ ಕೋಟನ್ನು ಹೊಟ್ಟೆಪಾಡಿಗಾಗಿ ತೊಟ್ಟರೆ ಸೋತಂತಲ್ಲ ಎಂದು ಒಂದು ಹೊಸ ಸಿದ್ಧಾಂತ ಮಾಡಿಕೊಂಡು ಅದನ್ನು ತೊಟ್ಟೆ. ಹೊಟ್ಟೆಯ ಹತ್ತಿರ ಅಳತೆ ಸರಿಯಾಗಿಯೇ ಇತ್ತು. ಕಂಕುಳಲ್ಲಿ ಮಾತ್ರ ಚೂರು ಬಿಗಿ. ಬಾಗಿಲಲ್ಲಿ ನೀಲವ್ವ, 'ಇವತ್ತ ಹನ್ನೊಂದಕ್ಕ ಅವ್ರು ಗಾಡಿ ಹೂಡ್ತಾರ' ಎಂದಳು. 'ಹೂಡ್ಲಿ' ಎಂದು ನಡೆದೆ.

ಸಾಹೇಬರು ಮಾದರಿ ಪಾಠ ಮಾಡಲು ಹೇಳಿದರು. ನಕಾಶೆ ತೂಗುಹಾಕಿ, ಏಷ್ಯಾ ಖಂಡದ ರಾಷ್ಟ್ರಗಳು ಹಿಂದಿನಿಂದಲೂ ಹೇಗೆ ಸ್ನೇಹದಿಂದ ಬಾಳಿವೆ ಎಂದು ಆರಂಭಿಸಿದೆ. ಪಾಠಕ್ಕೆ ಕಳೆ ಬರುತ್ತಿದ್ದಾಗ ಹಲಗೆಗೆ ಬರೆಯುವ ಖಡುವಿನ ಧೂಳಿಗೆ ಸೀನು ಬಂತು. ಹಳೆಯ ಕೋಟಿನಲ್ಲಿ ಕರವಸ್ತ್ರ ಇಡುತ್ತಿದ್ದ ಒಳಜೇಬಿಗೆ ರೂಢಿಯಂತೆ ಕೈ ಹಾಕಿ ಜಗ್ಗಿದೆ. ಬಂದದ್ದು ಕರವಸ್ತ್ರವಲ್ಲ. ಒಣಗಿದ ಎಲೆಗಳ ಸಣ್ಣ ಕಟ್ಟು. ಕೈಯಲ್ಲೇ ಪುಡಿಯಾಗಿ ಅರ್ಧ ಮೇಜಿನ ಮೇಲೆ, ಅರ್ಧ ಸಾಹೇಬರ ಟೊಪ್ಪಿಗೆಯ ಮೇಲೆ ಬಿತ್ತು. 'ಬನ್ನಿ! ಬನ್ನಿ!' ಎಂದು ಇಡೀ ವರ್ಗ ಕೂಗಿತು. ಕಟ್ಟಿಗೆ ಸುತ್ತಿದ ದಾರ ನನ್ನ ಬೆರಳಲ್ಲಿ ಉಳಿಯಿತು. ಕೋಟಿನ ಹೊಲಿಗೆಗೆ ಹಾಕಿದ ಅದೇ ಕಂದು ದಾರ.

ಹಾಕಿಕೊಂಡು ನೋಡಲು ಮೂರು ಸಲ ಹೇಳಿದ್ದು ಹೊಟ್ಟೆಗಾಗಿ ಅಲ್ಲ. ದಸರೆಯ ದಿನ ಮಡಿಲ ತುಂಬ ಊರವರ ಬನ್ನಿ ಹಾಕಿಕೊಂಡು ಯಾರ ಬನ್ನಿಗಾಗಿ ಕಾದಿದ್ದೆನೋ, ಅದು ಒಂದು ತಿಂಗಳಿಂದ ನನ್ನ ಗೂಟದ ಮೇಲೇ ಒಣಗುತ್ತಿತ್ತು. ಕೊಟ್ಟವನು ಉತ್ತರಕ್ಕೆ ಕಾದು ಕಾದು, ಈಗ ಗಾಡಿ ಹೂಡುತ್ತಿದ್ದಾನೆ.

'ಏನ್ರಿ ಮಾಸ್ತರ ಇದು?' ಎಂದರು ಸಾಹೇಬರು.

'ಸಾಹೇಬರ, ತುರ್ತು ರಾಜಕೀಯ ಕೆಲಸ ಬಂದೈತ್ರಿ, ಈಗ ಬಂದೆ' ಎಂದು ಓಡಿದೆ. ಆ ವರ್ಷ ಸರಕಾರಿ ನೌಕರ ಸಾಹೇಬರ ಮುಂದೆ ಆಡಬಾರದ ಮಾತು 'ರಾಜಕೀಯ' ಎಂಬುದೊಂದೇ ಇತ್ತು, ಅದನ್ನೇ ಆಡಿದ್ದೆ. ಸಾಹೇಬರು ಬೆವರಿ ಕುರ್ಚಿಗೆ ಒರಗಿದರೆಂದು ಆಮೇಲೆ ಕೇಳಿದೆ. ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ ನನ್ನ ಬಗ್ಗೆ ಬರೆದ ಮೂರು ಸಾಲುಗಳನ್ನು ಇಲ್ಲಿ ಕಾಣಿಸುವುದು ಬೇಡ.

ಓಣಿಗೆ ಬಂದಾಗ ಗಾಡಿ ಹೂಡಿಯಾಗಿತ್ತು. ಹೊಲಿಗೆಯ ಯಂತ್ರವನ್ನು ಹಗ್ಗದಿಂದ ಬಿಗಿದಿದ್ದರು. ಹಾಜರಾಬಿ ಗಾಡಿಯಲ್ಲಿ ಕೂತಿದ್ದಳು, ಕೆಳಗೆ ನೀಲವ್ವ ಅವಳ ಕೈ ಹಿಡಿದು ನಿಂತಿದ್ದಳು. ನಾನು ಏದುಸಿರು ಬಿಡುತ್ತ ಮುಷ್ಟಿ ಬಿಚ್ಚಿ, ಎಲೆಯ ಪುಡಿ ತೋರಿಸಿದೆ. 'ಮಾಬುಸಾಬ, ಇದು ಈಗ ಸಿಕ್ತು!'

ಮಾಬುಸಾಬ ಪುಡಿಯನ್ನು ನೋಡಿದ, ನನ್ನನ್ನು ನೋಡಿದ. 'ಈಗ? ಅಯ್ಯ ಖುದಾ! ತಿಂಗಳಾತಲ್ರಿ! ನೀವು ಬನ್ನಿ ನೋಡಿನೂ ಸುಮ್ಮನ ಕುಂತ್ರಿ ಅಂತ ನಾ ತಿಳಕೊಂಡಿದ್ನಿ.'

'ಕೈಯಾಗ ಕೊಡಬಾರದಿತ್ತೇನು?' ಎಂದೆ.

'ನಾ ಬಂದಂಗೂ ಆಗಬಾರದು, ಬರದಂಗೂ ಆಗಬಾರದು. ದೊಡ್ಡ ದೊಡ್ಡ ಸರಕಾರದವ್ರು ಗುಟ್ಟಿನ್ಯಾಗ ಕಾಗದ ಕಳಸ್ತಾರ ಅಂತ ನೀವ ಓದಿ ಹೇಳಿದ್ರೆಲ್ಲ? ಅದನ್ನ ಕಲತು ಮಾಡೀನಿ.'

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. 'ಅವತ್ತ ನಾ ಅಂದ ಮಾತು...' ಎಂದು ಬಾಯಿ ತೆರೆದೆ. ಅವನು ಕೇಳಿಸಿಕೊಳ್ಳದವನಂತೆ ಕೋಟಿನ ಕಂಕುಳಿಗೆ ಕೈ ಹಾಕಿ, 'ಇಲ್ಲೆ ಬಿಗಿ ಆಗೇತಿ. ತಗೀರಿ. ಹಿಂಗ ಬಿಟ್ಟು ಹೋದ್ರ ನನ್ನ ಹೆಸರು ಕೆಡತೈತಿ' ಎಂದ. ಗಂಟಿನಿಂದ ಸೂಜಿ ದಾರ ತೆಗೆದು ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತ. ಆಮೇಲೆ ಅವೆರಡನ್ನೂ ನನ್ನ ಕಡೆ ಚಾಚಿದ. 'ನನ್ನ ಕಣ್ಣು ಮಂಜಾಗ್ಯಾವ. ಇಷ್ಟು ದಾರ ಪೋಣಿಸಿ ಕೊಡ್ರಿ ಮಾಸ್ತರ.'

ಪೋಣಿಸಲು ನಿಂತೆ. ದಾರದ ತುದಿ ಒದ್ದೆ ಮಾಡಿದೆ, ಹೊಸೆದೆ, ಉಸಿರು ಹಿಡಿದೆ. ಏಳು ಸಲ ತಪ್ಪಿತು. ಸೂಜಿಯ ಕಣ್ಣು ಎಷ್ಟು ಸಣ್ಣದೆಂದು ನಲವತ್ತು ದಾಟಿದ ಮೇಲೆ ಆ ದಿನ ತಿಳಿಯಿತು. ಅವನು ಕಾದು ಕೂತಿದ್ದ. ಎಂಟನೆಯ ಸಲ ನೀಲವ್ವ ಬಂದು ಕಸಿದುಕೊಂಡು ಪೋಣಿಸಿಕೊಟ್ಟಳು. ಅವನು ಹೊಲಿಗೆ ಸಡಿಲಿಸಿ ಕೋಟು ತೊಡಿಸಿ, ಬೆನ್ನು ಸವರಿ, ಗಾಡಿ ಹತ್ತಿ ಸವಣೂರಿಗೆ ಹೋದ. ಇರು ಎನ್ನಲು ನಾನು ಒಂದು ತಿಂಗಳು ತಡಮಾಡಿದ್ದೆ.

ಈಗ ಯುದ್ಧ ಮುಗಿದಿದೆ. ದೊಡ್ಡ ರಾಷ್ಟ್ರದವರು ಮೇಜಿನ ಸುತ್ತ ಕೂತು ಶಾಂತಿಯ ಮಾತಾಡುತ್ತಿದ್ದಾರೆ. ಇವರೆಲ್ಲ ಒಮ್ಮೆ ಒಳಜೇಬು ನೋಡಿಕೊಳ್ಳಬಾರದೇ ಎಂದು ಪತ್ರಿಕೆ ಓದುವಾಗ ನನಗೆ ಅನಿಸುತ್ತದೆ. ಯಾರು ದೊಡ್ಡವರೆಂಬ ಚರ್ಚೆಯನ್ನು ಬಿಟ್ಟು, ಪ್ರತಿ ದಸರೆಗೆ ನಾನೇ ಬನ್ನಿ ಹಿಡಿದು ಸವಣೂರಿಗೆ ಹೊರಡುತ್ತೇನೆ. ಈ ವರ್ಷ ಬಾಡಿಗೆ ಗಾಡಿಯಲ್ಲಿ ಹೊರಟಾಗ ಅರ್ಧ ದಾರಿಯಲ್ಲಿ ಎದುರಿಗೊಂದು ಗಾಡಿ ಬಂತು. ಅದರಲ್ಲಿ ಮಾಬುಸಾಬ! ಅವನೂ ಬನ್ನಿ ಕೊಡಲು ನನ್ನ ಊರಿಗೆ ಹೊರಟಿದ್ದ. ಸಂತೋಷಕ್ಕೆ ಇಬ್ಬರೂ ಗಾಡಿಯಿಂದ ಇಳಿದು ಬೇವಿನ ಮರದ ಕೆಳಗೆ ಕೂತೆವು. 'ನಾ ನಸುಕಿನ್ಯಾಗ ಬಿಟ್ಟೇನಿ, ನಾ ಮೊದಲು' ಎಂದೆ. 'ನಾ ಕೋಳಿ ಕೂಗೂಕಿಂತ ಮೊದ್ಲ ಬಿಟ್ಟೇನಿ' ಎಂದ. 'ಹಂಗಿದ್ರ ಅರ್ಧ ದಾರಿಗಿಂತ ಮುಂದ ಬರಬೇಕಿತ್ತಲ್ಲ?' ಎಂದೆ. 'ನನ್ನ ಎತ್ತು ಮುದಿ ಆಗ್ಯಾವ' ಎಂದ. ಎತ್ತಿನ ಮಾತು ಬಂದದ್ದೇ ನನಗೆ ಹಳೆಯದೆಲ್ಲ ನೆನಪಾಯಿತು. ಮಾತು ಬೆಳೆಯಿತು. ಬಿಸಿಲೇರುವ ಹೊತ್ತಿಗೆ ಇಬ್ಬರೂ ಗಾಡಿ ಹೊರಳಿಸಿ ತಂತಮ್ಮ ಊರಿನ ದಾರಿ ಹಿಡಿದೆವು.

ಮನೆಗೆ ಬಂದು, ಪೂರ್ವದವರಿಗೂ ಈಗೀಗ ಒಪ್ಪಂದ ಉಳಿಸಿಕೊಳ್ಳಲು ಬರುವುದಿಲ್ಲ ಎಂದು ನೀಲವ್ವನ ಮುಂದೆ ಅರ್ಧ ತಾಸು ವಿವರಿಸಿದೆ. ಅವಳು ಕೇಳಿಸಿಕೊಳ್ಳುತ್ತ ನಾನು ಕಳಚಿಟ್ಟ ಕೋಟನ್ನು ಝಾಡಿಸಿದಳು, ಒಳಜೇಬಿಗೆ ಕೈ ಹಾಕಿದಳು, ಒಂದು ಕಟ್ಟು ಹೊರತೆಗೆದು ನನ್ನ ಮುಂದೆ ಇಟ್ಟಳು. ನಾನು ಅವನಿಗೆ ಕೊಡಲೆಂದು ಒಯ್ದ ಬನ್ನಿ. ಇನ್ನೂ ಹಸಿರಾಗಿತ್ತು. ಕೊಡುವುದನ್ನೇ ಮರೆತು ಬಂದಿದ್ದೆ.